ಅಂಟುವಾಳದ ನೊರೆಯೂ ಈರಣ್ಣನ ಕಂಬಳಿಯೂ

ಮನೆಗೆಲಸಕ್ಕೆ ಒಂದು ಕ್ರಮವನ್ನು ತಂದುಕೊಟ್ಟರೆ ಸಂಸಾರದ ಅರ್ಧ ತೊಂದರೆಗಳು ತಾವಾಗಿಯೇ ತೊಲಗುತ್ತವೆ ಎಂದು ನಾನು ಐವತ್ತು ವರ್ಷ ತುಂಬುವವರೆಗೂ ನಂಬಿದ್ದೆ. ಈಗ ನನಗೆ ಐವತ್ತೊಂದು.

ಆ ಒಂದು ವರ್ಷದ ನಡುವೆ ನಡೆದದ್ದನ್ನು ಆದಷ್ಟು ಅನುಕ್ರಮವಾಗಿ ನಿವೇದಿಸುತ್ತೇನೆ. ಎಲ್ಲಿಯಾದರೂ ಅನುಕ್ರಮ ತಪ್ಪಿದರೆ ಕ್ಷಮಿಸಬೇಕು. ಆಯಾಸವಾಗಿದೆ.

ನಾನು ಮಧುಗಿರಿಯ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಪಾಠ ಹೇಳಿದವನು. ಪೂರ್ಣವಿರಾಮವಿಲ್ಲದ ವಾಕ್ಯಕ್ಕೆ ಅಂಕ ಕೊಟ್ಟವನಲ್ಲ. ತಪ್ಪಾದ ವಾಕ್ಯವನ್ನು ಮೂರು ಸಲ ಬರೆಸುವುದು ನನ್ನ ಪದ್ಧತಿ. ಮೊದಲನೆಯದು ಕೈಗೆ, ಎರಡನೆಯದು ಕಣ್ಣಿಗೆ, ಮೂರನೆಯದು ಬುದ್ಧಿಗೆ. ಮೂರನೆಯದನ್ನು ಬಿಟ್ಟರೆ ಮೊದಲೆರಡೂ ವ್ಯರ್ಥ ಎಂಬುದು ನನ್ನ ಅಚಲವಾದ ಅಭಿಪ್ರಾಯವಾಗಿತ್ತು. ಕಡೆಗೆ ಗಂಟಲು ಕೈಕೊಟ್ಟಿತು. ಇಲಾಖೆಯವರು ಕನಿಕರಪಟ್ಟು ನನ್ನನ್ನು ಕಚೇರಿಯ ಮೇಜಿಗೆ ವರ್ಗಾಯಿಸಿದರು. ಅಲ್ಲಿ ತಿದ್ದುವುದಕ್ಕೆ ಮಕ್ಕಳಿರಲಿಲ್ಲ. ಆದ್ದರಿಂದ ಮನೆಯನ್ನು ತಿದ್ದಲು ಹೊರಟೆ.

ಅದೇ ಸಮಯಕ್ಕೆ ತೋವಿನಕೆರೆಯಲ್ಲಿರುವ ನನ್ನ ಷಡ್ಡಕ, ಹೊಲದ ಬದುವಿನ ಮರದಿಂದ ಉದುರಿಸಿದ ಅಂಟುವಾಳದ ಕಾಯಿಗಳನ್ನು ಅರ್ಧ ಮೂಟೆ ಕಳುಹಿಸಿಕೊಟ್ಟ. ನಮ್ಮ ಅಜ್ಜಿ ಒಡವೆ, ರೇಷ್ಮೆ, ತಲೆಗೂದಲು ಮೂರನ್ನೂ ಅದರಲ್ಲಿಯೇ ತೊಳೆಯುತ್ತಿದ್ದುದು ನೆನಪಾಯಿತು. ಅಂಗಡಿಯ ಬಾರ್ ಸೋಪಿಗೆ ನಮ್ಮ ಮನೆಯಲ್ಲಿ ಇನ್ನು ಪ್ರವೇಶವಿಲ್ಲವೆಂದು ಊಟದ ಹೊತ್ತಿನಲ್ಲಿ ಘೋಷಿಸಿದೆ.

"ಅಜ್ಜಿ ತೊಳೀತಿದ್ರು, ನಿಜ. ನೀವು ಯಾವತ್ತಾದ್ರೂ ತೊಳೆದಿದ್ದೀರಾ?" ಎಂದಳು ನನ್ನ ಹೆಂಡತಿ ಕಮಲ.

"ಕ್ರಮ ಗೊತ್ತಿದ್ದರೆ ಸಾಕು, ಅಭ್ಯಾಸ ತಾನಾಗಿ ಬರುತ್ತದೆ" ಎಂದೆ.

ಅವಳು ನನ್ನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಇಪ್ಪತ್ತೈದು ವರ್ಷಗಳ ಸಂಸಾರದಲ್ಲಿ ಅದರ ಅರ್ಥವನ್ನು ನಾನು ತಿಳಿದುಕೊಳ್ಳಬೇಕಾಗಿತ್ತು.

ಮೊದಲ ಭಾನುವಾರ ತಲೆಸ್ನಾನ. ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿಯಿಡೀ ನೆನೆಸಿ, ಕಿವುಚಿ, ಸೋಸಿ, ಕಂಚಿನ ಬಟ್ಟಲಲ್ಲಿ ಸಿದ್ಧಪಡಿಸಿಕೊಂಡಿದ್ದೆ. ಕಣ್ಣು ಮುಚ್ಚಿಕೊಳ್ಳಬೇಕೆಂಬ ಒಂದು ಅಂಶ ಮಾತ್ರ ಟಿಪ್ಪಣಿಯಲ್ಲಿ ಬಿಟ್ಟುಹೋಗಿತ್ತು. ಸೋಮವಾರ ಕಚೇರಿಯ ಜವಾನ ನನ್ನ ಕೆಂಪು ಕಣ್ಣುಗಳನ್ನು ನೋಡಿ, ಟೊಪ್ಪಿಗೆ ತೆಗೆದು, "ಮನೇಲಿ ಯಾರಿಗಾದ್ರೂ ಏನಾದ್ರೂ ಆಯ್ತಾ ಸಾರ್?" ಎಂದು ತಗ್ಗಿದ ದನಿಯಲ್ಲಿ ಕೇಳಿದ. ಏನೂ ಇಲ್ಲ, ತಲೆ ತೊಳೆದುಕೊಂಡೆ ಎಂದೆ. ಅವನು ನಂಬಲಿಲ್ಲ.

ಎರಡನೆಯ ವಾರ ಪಂಚೆಗಳ ಸರದಿ. ಗಟ್ಟಿಯಾದಷ್ಟೂ ಗುಣ ಹೆಚ್ಚು ಎಂದು ಅಂಟುವಾಳದ ರಸವನ್ನು ಕುದಿಸಿ ಇಳಿಸಿದೆ. ನನ್ನ ಆರು ಬಿಳಿಯ ಪಂಚೆಗಳೂ ಕಾಫಿ ಸೋಸುವ ಬಟ್ಟೆಯ ಬಣ್ಣಕ್ಕೆ ತಿರುಗಿದವು. ಆರೂ ಒಂದೇ ಬಣ್ಣಕ್ಕೆ ತಿರುಗಿದವಲ್ಲ ಎಂದು ಸಮಾಧಾನಪಟ್ಟುಕೊಂಡೆ. ಅಷ್ಟರಮಟ್ಟಿಗೆ ಕ್ರಮ ಉಳಿದಿತ್ತು!

ಮೂರನೆಯ ವಾರ ಪಾತ್ರೆಗಳು. ಅಂದು ಹಿಂದಿನ ಬೀದಿಯ ಈರಣ್ಣ ಬಂದಿದ್ದ. ಈರಣ್ಣನದು ಕುರಿ ಸಾಕುವ ಮನೆತನ. ಕಾಲು ಸೋತ ಮೇಲೆ ಮಂದೆಯನ್ನು ಮಿಡಿಗೇಶಿಯಲ್ಲಿದ್ದ ತಮ್ಮಂದಿರಿಗೆ ಒಪ್ಪಿಸಿ, ಹೆಂಡತಿ ಕರಿಯಮ್ಮನೊಡನೆ ಮಧುಗಿರಿಯಲ್ಲಿಯೇ ನೆಲೆಸಿದ್ದ. ಮೊಮ್ಮಗಳು ಲಕ್ಷ್ಮಿಯ ಮದುವೆ ನಿಶ್ಚಯವಾಗಿದೆಯೆಂದು ಹೇಳಲು ಬಂದವನಿಗೆ ಕಮಲ ಕಾಫಿ ಕೊಟ್ಟಳು.

ಅವನು ಒಂದು ಗುಟುಕು ಕುಡಿದು, ಲೋಟವನ್ನು ದೂರ ಹಿಡಿದು ನೋಡಿದ. "ಬಲೇ ನೊರೆ ಮೇಷ್ಟ್ರೇ! ಓಟ್ಲಲ್ಲೂ ಇಂಗೆ ಬರಾಕಿಲ್ಲ" ಎಂದ. ಎರಡನೆಯ ಗುಟುಕಿಗೆ ಮುಖ ಕಿವುಚಿತು. ಆದರೂ ಮರ್ಯಾದಸ್ಥ. ಪೂರ್ತಿ ಕುಡಿದು, ಎದ್ದು ನಿಂತು, "ಹೋಯ್ತೀನಿ ಕಣವ್ವ" ಎನ್ನಲು ಬಾಯಿ ತೆರೆದಾಗ ತುಟಿಯ ಮೇಲೆ ಒಂದು ಗುಳ್ಳೆ ಮೂಡಿ, ದೊಡ್ಡದಾಗಿ, ಒಡೆಯಿತು.

ಅಂದು ಸಂಜೆ ಕಮಲ ತೀರ್ಪು ಕೊಟ್ಟಳು. "ಇವತ್ತಿಂದ ಈ ಮನೆಯ ಒಂದೇ ಒಂದು ಸಾಮಾನನ್ನೂ ನೀವು ಆ ಕಾಯಿ ಹಾಕಿ ತೊಳೆಯಕೂಡದು. ಕೇಳಿಸ್ತಾ?"

ಕೇಳಿಸಿತು. ಮೂಟೆಯಲ್ಲಿ ಇನ್ನೂ ಮುಕ್ಕಾಲು ಪಾಲು ಕಾಯಿ ಉಳಿದಿತ್ತು.

ಮುಂದಿನ ಬುಧವಾರ ಈರಣ್ಣ ಮತ್ತೆ ಬಂದ. ಹೆಗಲ ಮೇಲೆ ಒಂದು ಕರಿಯ ಕಂಬಳಿ. ಅದನ್ನು ಹಸುಗೂಸನ್ನು ಇಳಿಸುವಂತೆ ನಮ್ಮ ಜಗಲಿಯ ಮೇಲೆ ಇಳಿಸಿದ.

"ಮನೇಗೆ ಸುಣ್ಣ ಹೊಡಿಸ್ತಾ ಇವ್ನಿ ಮೇಷ್ಟ್ರೇ. ಸನಿವಾರದವರ್ಗೂ ಇದು ನಿಮ್ಮನೇಲಿರ್ಲಿ. ಒಂದು ತೊಟ್ಟು ಸುಣ್ಣ ಬೀಳ್ಬಾರ್ದು."

"ಇದೇನು ವಿಶೇಷವಾದ ಕಂಬಳಿಯೇ?"

"ನಮ್ಮಪ್ಪ ಕೈಯಾರೆ ನೇಯ್ದಿದ್ದು. ನನ್ನ ಮದ್ವೆಗೂ ಇದೇ ಗದ್ದುಗೆ, ನನ್ನ ಮಕ್ಕಳಿಗೂ ಇದೇ. ಸೋಮವಾರ ಮಿಡಿಗೇಶೀಲಿ ಲಕ್ಷ್ಮೀನೂ ಇದ್ರ ಮ್ಯಾಲೇ ಕುಂತ್ಕಬೇಕು. ಇದ್ರ ಮ್ಯಾಲೆ ಕುಂತ್ರೆ ಅಪ್ಪನ ತೊಡೆ ಮ್ಯಾಲೆ ಕುಂತಂಗೆ ಕಣ್ ಮೇಷ್ಟ್ರೇ. ಬ್ಯಾರೆ ಯಾರ ಮನೇಲೂ ಮಡಗಾಕೆ ಮನಸ್ಸು ಬರ್ಲಿಲ್ಲ. ನೀವು ಕ್ರಮದೋರು."

ಈ ಕೊನೆಯ ಮಾತೇ ನನ್ನನ್ನು ಕೆಡಿಸಿತು. ಅವನು ಹೋದೊಡನೆ ನೋಟುಬುಕ್ಕಿನಲ್ಲಿ ಬರೆದುಕೊಂಡೆ: ಕಂಬಳಿ ಒಂದು. ಉದ್ದ ಆರು ಮೊಳ, ಅಗಲ ಮೂರು ಮೊಳ. ಬಣ್ಣ ಕಪ್ಪು. ಸ್ವಭಾವ ಬಿರುಸು. ವಾಸನೆ ಕುರಿ.

ಆ ಕೊನೆಯ ನಮೂದು ನನ್ನ ಮನಸ್ಸನ್ನು ಕೊರೆಯತೊಡಗಿತು. ಮೂರು ತಲೆಮಾರಿನ ಬೆವರು, ಹೊಗೆ, ಕುರಿಯ ಜಿಡ್ಡು! ಇಂಥದರ ಮೇಲೆ ಲಕ್ಷ್ಮಿ ಕೂರಬೇಕೆ? ಅವಳು ನಾಲ್ಕನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಅಕ್ಷರ ದುಂಡಗಿತ್ತು. ಮದುವೆಗೆ ನನ್ನ ಉಡುಗೊರೆಯಾಗಿ ಈ ಕಂಬಳಿಯನ್ನು ನಿರ್ಮಲಗೊಳಿಸಿ ಕೊಡಬೇಕೆಂದು ತೀರ್ಮಾನಿಸಿದೆ. ಕಮಲಳ ಆಜ್ಞೆಯನ್ನೂ ಪರಿಶೀಲಿಸಿದೆ. ಅವಳು ಹೇಳಿದ್ದು 'ಈ ಮನೆಯ ಸಾಮಾನು' ಎಂದು. ಇದು ಈರಣ್ಣನ ಮನೆಯದು. ಆಜ್ಞೆಗೆ ಎಲ್ಲಿಯೂ ಭಂಗವಿರಲಿಲ್ಲ.

ಗುರುವಾರ ಕಮಲ ಅಕ್ಕನನ್ನು ನೋಡಲು ಕೊರಟಗೆರೆಗೆ ಹೋದಳು. ನಾನು ಕಚೇರಿಗೆ ರಜೆ ಬರೆದೆ. ಬಚ್ಚಲ ಹಂಡೆಗೆ ಉರಿ ಹಾಕಿ, ನೀರು ಮರಳುವಾಗ ಎರಡು ಸೇರು ಅಂಟುವಾಳದ ಸಿಪ್ಪೆ ಸುರಿದು, ಕಂಬಳಿಯನ್ನು ಇಳಿಬಿಟ್ಟೆ. ಒನಕೆಯಿಂದ ಒತ್ತಿದೆ. ಆಮೇಲೆ ಬಚ್ಚಲ ಕಲ್ಲಿನ ಮೇಲೆ ಎಳೆದು ಹಾಕಿ, ಪಂಚೆ ಎತ್ತಿ ಕಟ್ಟಿ ತುಳಿದೆ. ನೊರೆ ಮೊಣಕಾಲಿಗೆ ಬಂತು, ಹೊಸ್ತಿಲು ದಾಟಿತು, ಮೋರಿಯಲ್ಲಿ ಸಾಗಿ ಬೀದಿಗೆ ಇಳಿಯಿತು.

ಪಾತ್ರೆಗಳಿಗೆ ಕಲಾಯಿ ಹಾಕಲು ಸಿರಾದಿಂದ ಬರುವ ಸಾಹೇಬರು ಅದೇ ಹೊತ್ತಿಗೆ ಬೀದಿಯಲ್ಲಿ ಹೋಗುತ್ತಿದ್ದರು. ಮೋರಿಯನ್ನು ನೋಡಿ, ಬಾಗಿಲಿಂದ ಇಣುಕಿ, "ಏನ್ ಮೇಷ್ಟ್ರೇ, ಮೋರಿಗೆ ಹಾಲು ಬಿಟ್ಟಿದ್ದೀರಾ?" ಎಂದರು. ಕಂಬಳಿ ಕಂಡಿತು. ಎರಡೂ ಕೆನ್ನೆಗೆ ಕೈಯಿಟ್ಟುಕೊಂಡರು. "ತೋಬಾ ತೋಬಾ! ಉಣ್ಣೆಗೆ ಗರಮ್ ಪಾನಿ? ಬೇಡಿ ಮೇಷ್ಟ್ರೇ, ಬೇಡಿ!"

"ಸಾಹೇಬರೇ, ತಮ್ಮದು ಪಾತ್ರೆಯ ವಿಭಾಗ. ಇದು ವಸ್ತ್ರದ ವಿಭಾಗ" ಎಂದೆ.

ಅವರು ತಲೆಯಲ್ಲಾಡಿಸಿಕೊಂಡು ಹೋದರು. ನಾನು ಪದ್ಧತಿಯಂತೆ ಎರಡನೆಯ ಸಲ ತೊಳೆದೆ. ಮೂರನೆಯ ಸಲವೂ ತೊಳೆದೆ.

ಒದ್ದೆಯಾದ ಕಂಬಳಿಯ ತೂಕವೆಷ್ಟು ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಸಂಜೆ ಕಮಲ ಬಂದಾಗ ನಾನು ಬಚ್ಚಲಲ್ಲಿ ಆ ಕಂಬಳಿಯನ್ನು ಅಪ್ಪಿಕೊಂಡು ಕುಳಿತಿದ್ದೆ. ಅರ್ಧ ಗಂಟೆಯಿಂದ ಹಾಗೆಯೇ ಕುಳಿತಿದ್ದೆ.

"ಏನ್ರೀ ಇದು? ಕರು ಸತ್ತಿದ್ಯಾ?"

"ಕಂಬಳಿ."

"ಯಾರದು?"

ಉತ್ತರ ಹೇಳಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಒಂದು ತುದಿ ಹಿಡಿದಳು. ಇಬ್ಬರೂ ಎಳೆದು ಹಿತ್ತಲಿನ ಹಗ್ಗಕ್ಕೆ ಹಾಕಿದೆವು. ಹಗ್ಗ ಬಾಗಿತು. ಹಗ್ಗ ಕಟ್ಟಿದ್ದ ಗೂಟ ನಿಧಾನವಾಗಿ, ಸಭೆಯಲ್ಲಿ ಅಧ್ಯಕ್ಷರಿಗೆ ವಂದಿಸುವಂತೆ, ನೆಲಕ್ಕೆ ಬಂತು. ಕಡೆಗೆ ಕಾಂಪೌಂಡಿನ ಗೋಡೆಯ ಮೇಲೆ ಹರವಿದೆವು.

ಶನಿವಾರ ಬೆಳಗ್ಗೆ ಒಣಗಿತ್ತು. ಅಳೆದೆ. ಉದ್ದ ನಾಲ್ಕು ಮೊಳ. ನನ್ನ ಮೊಳವೇ ಬೆಳೆದಿರಬಹುದೆಂದು ಮತ್ತೆ ಅಳೆದೆ. ನಾಲ್ಕೇ! ಅಗಲ ಎರಡಕ್ಕೆ ಇಳಿದಿತ್ತು. ದಪ್ಪ ಮಾತ್ರ ಎರಡರಷ್ಟಾಗಿತ್ತು. ಬಿರುಸೆಲ್ಲ ಹೋಗಿ, ಜ್ವರದಿಂದ ಎದ್ದವನ ಹಾಗೆ ಎಲ್ಲಿ ಇಟ್ಟರೆ ಅಲ್ಲಿ ಕುಸಿಯುತ್ತಿತ್ತು. ವಾಸನೆಯ ಮುಂದೆ 'ಇಲ್ಲ' ಎಂದು ಬರೆದೆ. ಯೋಜನೆಯಲ್ಲಿ ಸಫಲವಾದ ಅಂಶ ಅದೊಂದೇ.

ಒಂಬತ್ತು ಗಂಟೆಗೆ ಈರಣ್ಣ ಬಂದ. ಮೈತುಂಬ ಸುಣ್ಣ, ಮುಖತುಂಬ ನಗು.

"ಎಲ್ಲಿ ಮೇಷ್ಟ್ರೇ, ನಮ್ಮಪ್ಪನ್ನ ಕೊಡಿ!"

ಕೊಟ್ಟೆ. ಅವನು ಅದನ್ನು ಮಡಿಸಿ ಜಗಲಿಯ ಮೇಲೆ ನೆಟ್ಟಗೆ ನಿಲ್ಲಿಸಿದ. ಒಳ್ಳೆಯ ಕಂಬಳಿ ಹಾಗೆ ನಿಲ್ಲಬೇಕಂತೆ. ಅದು ಮುಗ್ಗರಿಸಿತು. ಮತ್ತೆ ನಿಲ್ಲಿಸಿದ. ಮತ್ತೆ ಮುಗ್ಗರಿಸಿತು. ಎತ್ತಿ ಮೂಗಿಗೆ ಹಿಡಿದುಕೊಂಡ. ಬಹಳ ಹೊತ್ತು ಹಿಡಿದುಕೊಂಡ.

"ವಾಸ್ನೇನೇ ಇಲ್ಲ" ಎಂದ. ಮೆಟ್ಟಿಲ ಮೇಲೆ ಕುಳಿತ.

ಬೈಯಬಹುದಾಗಿತ್ತು. ನಾನು ಅದಕ್ಕೆ ಸಿದ್ಧನಾಗಿ ನಿಂತಿದ್ದೆ. ಅವನು ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತ, ಬೀದಿಯ ಕಡೆ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಬೆಂಚಿನ ಮೇಲೆ ನಿಂತವನಿಗೆ ಹೇಗಿರುತ್ತದೆ ಎಂಬುದು ಅಂದು ತಿಳಿಯಿತು.

ಕಮಲಳೇ ಬಾಯಿ ಬಿಟ್ಟಳು. "ಈರಣ್ಣ, ಹೊಸ ಕಂಬಳಿ ತರಿಸಿಕೊಡ್ತೀವಿ, ಇವತ್ತೇ."

"ಕಂಬ್ಳಿ ಎಲ್ಲಾದ್ರೂ ಸಿಕ್ತದೆ ಕಣವ್ವ. ಅಪ್ಪ ಎಲ್ಲಿ ಸಿಕ್ತಾನೆ?"

ಅಷ್ಟರಲ್ಲಿ ಗಂಡನನ್ನು ಹುಡುಕಿಕೊಂಡು ಕರಿಯಮ್ಮ ಬಂದಳು. ಗಂಡ ನುಂಗಿಕೊಂಡದ್ದನ್ನೆಲ್ಲ ಅವಳು ಹೊರಗೆ ಹಾಕಿದಳು. "ಅಯ್ಯೋ ನಿಮ್ಮ ಕೈ ಸೇದೋಗ! ಕಂಬ್ಳೀನ ಯಾರಾದ್ರೂ ಬೇಯಿಸ್ತಾರೇನಪ್ಪ? ಹುಳ್ಳೀಕಾಳಾ ಅದು? ಕುರಿ ಜಿಡ್ಡಿದ್ರೇ ಮಳೆ ನಿಲ್ಲೋದು, ಗಂಜಿ ಇದ್ರೇ ಕಂಬ್ಳಿ ನಿಲ್ಲೋದು. ಎಲ್ಡೂ ತೊಳ್ದು ಮೋರಿಗೆ ಬುಟ್ಟವ್ರಲ್ಲ! ಇದೇನಾ ನೀವು ಓದಿದ್ದು?"

ಆಗಲೇ ನನಗೆ ತಿಳಿದದ್ದು: ಕಂಬಳಿಯ ಬಿರುಸು ಕೊಳೆಯಿಂದ ಬಂದದ್ದಲ್ಲ. ನೇಯ್ದ ಮೇಲೆ ಅದಕ್ಕೆ ಹುಣಸೇಬೀಜದ ಗಂಜಿ ಬಳಿದು ಬಿಸಿಲಲ್ಲಿ ಬಿಗಿಗೊಳಿಸುತ್ತಾರೆ. ಅದನ್ನೇ ನಾನು ಮೂರು ಸಲ ತೊಳೆದದ್ದು.

ಕರಿಯಮ್ಮ ಕಂಬಳಿಯನ್ನು ತಿರುವಿ ತಿರುವಿ ನೋಡಿ, ಉಸಿರು ಬಿಟ್ಟಳು. "ಗಿಡ್ಡ ಆಗಿದ್ದು ಉದ್ದ ಆಗಾಕಿಲ್ಲ. ಗಂಜಿ ಕುಡಿಸಿದ್ರೆ ಎದ್ದಾದ್ರೂ ಕುಂತ್ಕಂತದೆ. ಮೇಷ್ಟ್ರಪ್ಪ, ಹುಣಸೇಬೀಜ ಐತಾ ಮನೇಲಿ?"

ಇತ್ತು. ಮರಳಿನಲ್ಲಿ ಹುರಿದೆ. ಕುಟ್ಟಿ ಸಿಪ್ಪೆ ಬಿಡಿಸಿದೆ. ನೆನೆಸಿದೆ. ಮಧ್ಯಾಹ್ನ ಒರಳುಕಲ್ಲಿನ ಮುಂದೆ ಕುಳಿತು ರುಬ್ಬಿದೆ. ಕರಿಯಮ್ಮ ಎಲೆಯಡಿಕೆ ಹಾಕಿಕೊಂಡು ಎದುರಿಗೆ ಕುಳಿತಳು. ಆಗಾಗ ಬೆರಳಲ್ಲಿ ತೆಗೆದು ಉಜ್ಜಿ ನೋಡುವಳು.

"ತರಿ ಐತೆ. ಇನ್ನೊಂದ್ ದಪ ರುಬ್ಬು."

ರುಬ್ಬಿದೆ.

"ಇನ್ನೂ ತರಿ ಐತೆ. ಕೈಯಲ್ಲಿ ಕಸುವಿಲ್ವಾ? ಬರೇ ಸೀಮೇಸುಣ್ಣ ಹಿಡ್ದ ಕೈ!"

ಮೂರನೆಯ ಸಲ ರುಬ್ಬಿದ ಮೇಲೆ "ಊಂ, ಪಾಸು" ಎಂದಳು. ಕಮಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಗಂಜಿ ಕಾಯಿಸಿ, ಕಂಬಳಿಯನ್ನು ನಾಲ್ಕೂ ಮೂಲೆಗೆ ಗೂಟ ಹೊಡೆದು ಎಳೆದು ಕಟ್ಟಿ, ಕರಿಯಮ್ಮ ಹೇಳಿದಂತೆ ಒಂದು ಕೈ ಬಳಿದೆ. ಅದು ಆರಿದ ಮೇಲೆ ಇನ್ನೊಂದು ಕೈ ಬಳಿದೆ.

ಅವಳು ಹೊರಡುವಾಗ ಬೆರಳೆತ್ತಿ ಹೇಳಿದಳು: "ಎಲ್ಡು ಕೈ ಸಾಕು. ಮೂರನೇದು ಬಳಿದ್ಯೋ, ಒಳ್ಗೆ ಒಣಗಾಕಿಲ್ಲ. ಮುಟ್ಬ್ಯಾಡ. ಇನ್ನು ಬಿಸ್ಲು ನೋಡ್ಕಂತದೆ."

ಭಾನುವಾರ ಬೆಳಗ್ಗೆ ಕಂಬಳಿ ಬಿಸಿಲಲ್ಲಿ ಬಿಗಿಯಾಗಿ ಮಲಗಿತ್ತು. ಪಾತ್ರೆಯಲ್ಲಿ ಒಂದು ಸೇರಿನಷ್ಟು ಗಂಜಿ ಉಳಿದಿತ್ತು. ಕಮಲ ಸ್ನಾನಕ್ಕೆ ಹೋಗಿದ್ದಳು. ನಾನು ಪಾತ್ರೆಯನ್ನು ನೋಡಿದೆ, ಕಂಬಳಿಯನ್ನು ನೋಡಿದೆ. ಎರಡೇ ಕೈ! ಮೊದಲನೆಯದು ಕೈಗೆ, ಎರಡನೆಯದು ಕಣ್ಣಿಗೆ. ಬುದ್ಧಿಗೆ?

ಬಳಿದೆ. ಧಾರಾಳವಾಗಿ ಬಳಿದೆ. ಈರಣ್ಣನಿಗೆ ಮಾಡಿದ ಅಪಚಾರಕ್ಕೆ ಅಷ್ಟಾದರೂ ಮಾಡದಿದ್ದರೆ ಹೇಗೆ?

ಸಂಜೆಗೆ ಮೇಲ್ಮೈ ಹಲಗೆಯಂತಾಗಿತ್ತು. ಈರಣ್ಣ ಬಂದು, ನಂಬಿಕೆಯಿಲ್ಲದ ಕೈಯಿಂದ ಮಡಿಸಿ ನಿಲ್ಲಿಸಿದ. ನಿಂತಿತು! ಅವನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಆಗಲೂ ನಿಂತಿತ್ತು.

"ಗಿಡ್ಡಾದ್ರೂ ನಿಂತ್ಕತು ಕಣ್ ಮೇಷ್ಟ್ರೇ" ಎಂದ. ಮೂಸಿ ನೋಡಲಿಲ್ಲ.

ಸೋಮವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ಮಿಡಿಗೇಶಿಗೆ ಹೋದೆವು. ಸುದ್ದಿ ನಮಗಿಂತ ಮೊದಲೇ ಬಂದಿಳಿದಿತ್ತು. ಬಸ್ಸಿನಿಂದ ಇಳಿದು ಚಪ್ಪರದ ಕಡೆ ನಡೆದಾಗ, ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೆಲ್ಲ ನನ್ನತ್ತ ಇದ್ದ ಹೆಗಲಿನಿಂದ ತಮ್ಮ ಕಂಬಳಿಗಳನ್ನು ಆಚೆಯ ಹೆಗಲಿಗೆ ಬದಲಾಯಿಸಿಕೊಂಡರು. "ಅವ್ರೇ ಕಣ್ಲಾ, ಬೇಯ್ಸೋ ಮೇಷ್ಟ್ರು" ಎಂದು ಯಾರೋ ಹೇಳಿದರು. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ನನಗೆ ಯಾವ ಬಿರುದೂ ಬಂದಿರಲಿಲ್ಲ.

ಚಪ್ಪರದ ನಡುವೆ ಗದ್ದುಗೆ ಹಾಸಿದ್ದರು. ನಾಲ್ಕು ಮೊಳದ ಗದ್ದುಗೆ. ಹಿರಿಯರು ಅಕ್ಕಿಯಿಂದ ಗೆರೆ ಎಳೆದು, ಕೈಮುಗಿದು, ಹೆಣ್ಣುಗಂಡನ್ನು ಕೂರಿಸಿದರು. ಇಬ್ಬರಿಗೆ ಜಾಗ ಸಾಲದು. "ಒತ್ತಾಗಿ ಕುಂತ್ಕಳ್ರಪ್ಪ, ಎಂಗೂ ಕುಂತ್ಕಬೇಕಾದೋರೇ!" ಎಂದಳು ಒಬ್ಬ ಮುದುಕಿ. ಹೆಂಗಸರು ನಕ್ಕರು. ಹೆಣ್ಣುಗಂಡು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಶಾಸ್ತ್ರ ನಡೆಯಿತು, ತಾಳಿ ಕಟ್ಟಿದ್ದಾಯಿತು, ಅಕ್ಷತೆ ಬಿತ್ತು. ಬಿಸಿಲು ಏರಿತು. ಗಂಟೆಗಟ್ಟಲೆ ಇಬ್ಬರ ಬಿಸಿಯೂ ಬೆವರೂ ಗದ್ದುಗೆಗೆ ಇಳಿಯಿತು.

ಆಮೇಲೆ ಹಿರಿಯರು "ಏಳಿ" ಎಂದರು.

ಹೆಣ್ಣುಗಂಡು ಎದ್ದರು. ಅವರೊಡನೆ ಗದ್ದುಗೆಯೂ ಎದ್ದಿತು!

ಮದುಮಗನ ಹೊಸ ಪಂಚೆಗೂ ಲಕ್ಷ್ಮಿಯ ಸೀರೆಗೂ ನಾಲ್ಕು ಮೊಳದ ಕರಿಯ ಕಂಬಳಿ ಹಿಂದಿನಿಂದ ಅಂಟಿಕೊಂಡು, ಬಾಗಿಲಿನಂತೆ ನೆಟ್ಟಗೆ ನಿಂತಿತ್ತು. ಮದುಮಗ ತಿರುಗಿದ. ಅದೂ ತಿರುಗಿತು. ವಾಲಗ ನಿಂತಿತು. ಪಾವಗಡದ ಕಡೆಯಿಂದ ಬಂದಿದ್ದ ಗಂಡಿನ ಸೋದರಮಾವ ಎಳೆದು ನೋಡಿ, "ವದಲ್ಲೇದಪ್ಪಾ! ಬಿಡಂಗೇ ಇಲ್ಲ!" ಎಂದು ಕೂಗಿದ.

ನಾನು ಕಣ್ಣು ಮುಚ್ಚಿಕೊಂಡೆ. ಮದುವೆಯ ದಿನ ಗದ್ದುಗೆ ಕೆಟ್ಟಿತೆಂದು ಒಬ್ಬರು ಅಂದರೆ ಸಾಕು, ಈರಣ್ಣ ಈ ಊರಿನಲ್ಲಿ ತಲೆಯೆತ್ತುವ ಹಾಗಿರಲಿಲ್ಲ. ನಿಜವನ್ನು ಒಪ್ಪಿಕೊಂಡುಬಿಡಬೇಕೆಂದು ಬಾಯಿ ತೆರೆದೆ. ಗಂಟಲಿನಿಂದ ಗಾಳಿ ಮಾತ್ರ ಬಂತು.

ಆಗ ಈರಣ್ಣ ಗುಂಪನ್ನು ಸರಿಸಿಕೊಂಡು ಮುಂದೆ ಬಂದ. ಕಂಬಳಿಯನ್ನು ಮುಟ್ಟಿದ.

"ಅಪ್ಪ ಕಣ್ಲಾ!" ಎಂದ. "ನಮ್ಮಪ್ಪ ಹಿಡ್ಕಂಡವ್ನೆ! ಮರಿಮಗಳನ್ನ ಬುಡಾಕೆ ಮನಸ್ಸಿಲ್ಲ ಅವ್ನಿಗೆ! ವಾಸ್ನೆ ಹೋದ್ರೂ ಅವ್ನು ಹೋಗಿಲ್ಲ ಕಣ್ರಲಾ!"

ಹಿರಿಯರೊಬ್ಬರು ಕೈಮುಗಿದರು. ಹೆಂಗಸರು ಸೋಬಾನೆ ಎತ್ತಿದರು. ವಾಲಗ ಮತ್ತೆ ಮೊಳಗಿತು. ಕಟ್ಟೆಯ ಮುದುಕರು ಎದ್ದು ಬಂದು ಆ ಕಂಬಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕರಿಯಮ್ಮನೂ ಮುಟ್ಟಿದಳು. ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದಳು. ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಚಪ್ಪರದ ಸೋಗೆಯನ್ನು ಪರೀಕ್ಷಿಸುತ್ತಿದ್ದೆ. ಅವಳು ಬಿಸಿನೀರು ತರಿಸಿ, ಬಟ್ಟೆ ಅದ್ದಿ, ಕಂಬಳಿಯನ್ನು ಮೆಲ್ಲಗೆ ಬಿಡಿಸಿದಳು.

ಜೀವಮಾನದಲ್ಲಿ ಮೊದಲ ಸಲ, ಎದುರಿಗೆ ನಡೆದ ಒಂದು ತಪ್ಪನ್ನು ನಾನು ತಿದ್ದಲಿಲ್ಲ.

ಊಟವಾದ ಮೇಲೆ ಹೆಣ್ಣುಗಂಡು ಹಿರಿಯರ ಕಾಲಿಗೆರಗುತ್ತ ನಮ್ಮ ಬಳಿಗೂ ಬಂದರು. ನಾನು ಅಕ್ಷತೆ ಹಾಕಿದೆ. ಲಕ್ಷ್ಮಿ ಏಳುವಾಗ, ನನಗೆ ಮಾತ್ರ ಕೇಳುವಂತೆ, ತಲೆ ಬಗ್ಗಿಸಿಯೇ ಕೇಳಿದಳು:

"ಮೂರು ಸಲ ಬಳಿದ್ರಾ ಮೇಷ್ಟ್ರೇ?"

ಅಕ್ಷರ ದುಂಡಗಿದ್ದ ಹುಡುಗಿ. ಬುದ್ಧಿಯೂ ಇತ್ತೆಂಬುದು ನಾಲ್ಕನೆಯ ತರಗತಿಯಲ್ಲಿ ನನಗೆ ತಿಳಿದಿರಲಿಲ್ಲ.

ಮನೆಗೆ ಬಂದಾಗ ಸಂಜೆಯಾಗಿತ್ತು. ಉಗುರಿನ ಸಂದಿಯಲ್ಲಿ ಹುಣಸೇಬೀಜದ ಗಂಜಿ ಇನ್ನೂ ಇತ್ತು. ಬಚ್ಚಲಿಗೆ ಹೋಗಿ ಕೈ ಉಜ್ಜಿದೆ. ಹೋಗಲಿಲ್ಲ. ಬಾಗಿಲಲ್ಲಿ ಕಮಲ ನಿಂತಿದ್ದಳು. ಒಂದು ಕೈಯಲ್ಲಿ ಅಂಟುವಾಳದ ಬಟ್ಟಲು, ಇನ್ನೊಂದು ಕೈಯಲ್ಲಿ ಸೆರಗಿನ ಮರೆಯಲ್ಲಿ ಏನೋ.

"ಯಾವುದು ಬೇಕು?" ಎಂದಳು.

ನನಗೆ ಬಹಳ ಆಯಾಸವಾಗಿತ್ತು.

"ಸೋಪು" ಎಂದೆ.

ಕೊಟ್ಟಳು. ಒಂದೇ ಸಲಕ್ಕೆ ಹೋಯಿತು.